ಅಬೂಬಕರ್ ಸರ್ ಅವರ ಸ್ಪೆಲ್ಲಿಂಗ್

ಬಿ.ಸಿ. ರೋಡಿನ ಒಂದು ಗೇರುಬೀಜ ರಫ್ತು ಕಂಪೆನಿಯ ಆಫೀಸಿಗೆ ಪತ್ರ ಬರೆಯುವ ಗುಮಾಸ್ತೆಯಾಗಿ ಸೇರಿದವಳು ನಾನು, ಅಲ್ಲಿಂದಲೇ ನಿವೃತ್ತಳಾದೆ. ಈಗ ಮಡಂತ್ಯಾರಿನ ಮನೆಯಲ್ಲಿದ್ದೇನೆ. ಹೊಸದಾಗಿ ಆಫೀಸು ಕೆಲಸಕ್ಕೆ ಸೇರಿದ ಹುಡುಗಿಯರು ಆಗಾಗ ಬಂದು ಕೇಳುವುದುಂಟು, “ವಾರಿಜಕ್ಕ, ಮೇಲ್ ಬರೆಯುವಾಗ ತಪ್ಪಾಗದ ಹಾಗೆ ಏನು ಮಾಡ್ಬೇಕು?” ತಪ್ಪಾಗದ ಹಾಗೆ ಮಾಡುವ ಉಪಾಯ ನನಗೆ ಇವತ್ತಿಗೂ ತಿಳಿಯದು. ತಪ್ಪಾದ ಮೇಲೆ ಏನೇನಾಯಿತು ಎಂಬುದು ಗೊತ್ತುಂಟು. ಅದನ್ನೇ ಬರೆಯುತ್ತೇನೆ. ಸಂಬಳ ಏರಿದ್ದು, ಹುದ್ದೆಯ ಹೆಸರು ಬದಲಾದದ್ದು ಇದರಲ್ಲಿ ಬರುವುದಿಲ್ಲ. ಅದನ್ನು ಓದಿ ಯಾರಿಗೂ ಏನೂ ಆಗಬೇಕಾದ್ದಿಲ್ಲ.

ನಾನು ಟೈಪಿಂಗ್ ಕಲಿತದ್ದು ಮೂಡುಬಿದಿರೆಯಲ್ಲಿ, ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು. ಕೆಲಸಕ್ಕೆ ಸೇರಿದ ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಆಫೀಸಿನಲ್ಲಿ ಇದ್ದದ್ದು ಎರಡು ಟೈಪ್‌ರೈಟರ್, ಒಂದು ಫ್ಯಾಕ್ಸ್. ಪತ್ರದ ಮೂರು ಪ್ರತಿ ಬೇಕಾಗುತ್ತಿತ್ತು, ನಡುವೆ ಕಾರ್ಬನ್ ಹಾಳೆ. ಒಂದು ಅಕ್ಷರ ತಪ್ಪಿದರೆ ಮೂರರಲ್ಲೂ ಉಜ್ಜಿ ತೆಗೆಯಬೇಕು. ಉಜ್ಜಿ ಉಜ್ಜಿ ಕಾಗದ ತೂತಾದರೆ ಇಡೀ ಪತ್ರ ಹೊಸದಾಗಿ ಹೊಡೆಯಬೇಕು. ಆದ್ದರಿಂದ ಬೆರಳು ಕೀಲಿಯ ಮೇಲೆ ಬೀಳುವ ಮೊದಲೇ ನಾವು ಶಬ್ದವನ್ನು ಮನಸ್ಸಿನಲ್ಲಿ ಒಮ್ಮೆ ಓದುತ್ತಿದ್ದೆವು. ನಮಗೆ ಅದೇ ವ್ಯಾಯಾಮ.

ನನ್ನ ಮೇಲಧಿಕಾರಿ ಅಬೂಬಕರ್ ಸರ್. ಪಾಣೆಮಂಗಳೂರಿನವರು. ದುಬೈಯ ಒಂದು ಹಡಗಿನ ಆಫೀಸಿನಲ್ಲಿ ಬಹಳ ವರ್ಷ ಕೆಲಸ ಮಾಡಿ, ಊರೇ ಸಾಕು ಎಂದು ಬಂದವರು. ಎತ್ತರದ ಆಳು, ಬಿಳಿ ಅಂಗಿ, ಜೇಬಿನಲ್ಲಿ ಒಂದೇ ಪೆನ್ನು. ನಮ್ಮ ಕಂಪೆನಿಯ ಪರದೇಶದ ಗ್ರಾಹಕರಿಗೆಲ್ಲ ಇಂಗ್ಲಿಷಿನಲ್ಲಿ ಬರೆಯುವವರು ಅವರು. ನನ್ನ ಕೆಲಸ ಅವರು ಬರೆದುಕೊಟ್ಟದ್ದನ್ನು ಟೈಪು ಮಾಡುವುದು. ಸಣ್ಣಪುಟ್ಟ ಪತ್ರಗಳನ್ನು ನಾನೇ ಬರೆದು ಅವರಿಗೆ ತೋರಿಸಬೇಕಿತ್ತು.

ಅವರು ತಪ್ಪು ಹಿಡಿಯುವ ಕ್ರಮ ಬೇರೆ. ಬೈಯುವುದಿಲ್ಲ, ಗೀಟು ಎಳೆಯುವುದಿಲ್ಲ. ಶಬ್ದದ ಕೆಳಗೆ ಬೆರಳಿಟ್ಟು ಸುಮ್ಮನೆ ಕಾಯುತ್ತಾರೆ. ನಾನು ನೋಡಿ, ತಪ್ಪು ಕಂಡು, “ಆಯ್ತು ಸರ್” ಅನ್ನುವ ತನಕ ಬೆರಳು ತೆಗೆಯುವುದಿಲ್ಲ. ಮೊದಲ ವರ್ಷ ಆ ಬೆರಳನ್ನು ಕಂಡರೆ ನನಗೆ ಅಳು ಬರುತ್ತಿತ್ತು. ಆಮೇಲೆ ತಿಳಿಯಿತು, ಅವರು ಕಾಯುವುದು ನನ್ನನ್ನು ನಾಚಿಸಲಿಕ್ಕಲ್ಲ, ನಾನೇ ಕಂಡುಕೊಂಡರೆ ಮರೆಯುವುದಿಲ್ಲ ಎಂದು.

ಒಂದು ಸಲ ರಾಟರ್‌ಡ್ಯಾಮಿನ ನಮ್ಮ ಹಳೆಯ ಗ್ರಾಹಕ ವಿಲ್ಲೆಮ್ ಅವರ ಹೆಂಡತಿ ತೀರಿಕೊಂಡ ಸುದ್ದಿ ಫ್ಯಾಕ್ಸಿನಲ್ಲಿ ಬಂತು. ನಾನು ಪುಸ್ತಕ ನೋಡಿ ಒಂದು ಪುಟದ ಸಂತಾಪ ಪತ್ರ ತಯಾರು ಮಾಡಿದೆ. ಅದರಲ್ಲಿ ದೊಡ್ಡ ದೊಡ್ಡ ಶಬ್ದಗಳಿದ್ದವು. ಅಬೂಬಕರ್ ಸರ್ ಓದಿ, “ಸ್ಪೆಲ್ಲಿಂಗ್ ಎಲ್ಲ ಸರಿ ಉಂಟು. ಆದರೆ ಇದು ಅವರ ಮನೆಗೆ ಹೋಗಿ ನಿಂತ ಹಾಗೆ ಇಲ್ಲ” ಅಂದರು. ಆಮೇಲೆ ತಾವೇ ಬರೆದರು. ನಾಲ್ಕು ಸಾಲು. ನಿಮ್ಮ ಸುದ್ದಿ ಓದಿ ನಮ್ಮ ಆಫೀಸಿನಲ್ಲಿ ಇವತ್ತು ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ, ಮಾಲಿನ ವಿಚಾರ ನಿಮಗೆ ಮನಸ್ಸಾದಾಗ ಬರೆದರೆ ಸಾಕು, ಎಂದಿತ್ತು. ಸುದ್ದಿ ಬಂದ ಹೊತ್ತಿಗೆ ನಿಜವಾಗಿ ನಾವು ಗಟ್ಟಿಯಾಗಿಯೇ ಮಾತಾಡುತ್ತಿದ್ದೆವು. ಸರ್ ಬರೆದ ಮೇಲೆ ಎಲ್ಲರೂ ಮೆಲ್ಲಗೆ ಮಾತಾಡತೊಡಗಿದರು.

ದಶಕದ ಕೊನೆಗೆ ಕಂಪ್ಯೂಟರ್ ಬಂತು. ತಂದದ್ದು ಯಜಮಾನರ ಮಗ ರಫೀಕ್. ಯಜಮಾನರನ್ನು ನಾವು ಹಾಜಿಯವರು ಎನ್ನುತ್ತಿದ್ದೆವು, ಅವರಿಗೆ ಟೈಪ್‌ರೈಟರಿನ ಸದ್ದು ಕೇಳಿದರೇ ಆಫೀಸು ನಡೆಯುತ್ತಿದೆ ಎಂಬ ನೆಮ್ಮದಿ. ರಫೀಕ್ ಮಂಗಳೂರಿನಲ್ಲಿ ಓದಿ ಬಂದಿದ್ದ. ಅವನಿಗೆ ಎಲ್ಲವೂ ಬೇಗ ಆಗಬೇಕು. ನನ್ನ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟು, ಫೋನಿನ ತಂತಿ ಜೋಡಿಸಿ, ಮೇಲ್ ಕಳಿಸುವ ಕ್ರಮ ತೋರಿಸಿದ. ನಾವು ಒಂದು ಪದ್ಧತಿ ಮಾಡಿಕೊಂಡೆವು. ಬೆಳಿಗ್ಗೆ ಅಬೂಬಕರ್ ಸರ್ ಅದೇ ಕಂಪ್ಯೂಟರಿನಲ್ಲಿ ಕುಳಿತು ತಮ್ಮ ಮೇಲ್‌ಗಳನ್ನು ಬರೆದು ಇಡುವುದು. ಮಧ್ಯಾಹ್ನದ ಮೇಲೆ ನಾನು ಒಂದೊಂದನ್ನೇ ತೆರೆದು ಕಳುಹಿಸುವ ಗುಂಡಿ ಒತ್ತುವುದು, ಕೊನೆಗೆ ಫೋನ್ ಲೈನ್ ಜೋಡಿಸುವುದು.

ಗುಂಡಿ ಒತ್ತಿದ ಕೂಡಲೇ ಸ್ಪೆಲ್ಲಿಂಗ್ ಪರೀಕ್ಷೆ ಶುರುವಾಗುತ್ತಿತ್ತು. ಅದಕ್ಕೆ ಗುರುತಿಲ್ಲದ ಶಬ್ದ ಸಿಕ್ಕಿದರೆ ಒಂದು ಸಣ್ಣ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಮೇಲೆ ನಾವು ಬರೆದ ಶಬ್ದ, ಕೆಳಗೆ ಅದಕ್ಕೆ ತೋಚಿದ ನಾಲ್ಕೈದು ಶಬ್ದ. ಬೇಕಾದ್ದನ್ನು ಆರಿಸಿದರೆ ಬದಲಾಗುತ್ತದೆ. ಬೇಡವಾದರೆ ಬಿಟ್ಟು ಮುಂದೆ ಹೋಗಬಹುದು. ಇಲ್ಲವೇ “ಇದು ನಮ್ಮದೇ ಶಬ್ದ” ಎಂದು ಅದರ ನಿಘಂಟಿಗೆ ಸೇರಿಸಿದರೆ ಆಮೇಲೆ ಕೇಳುವುದಿಲ್ಲ.

ಮೊದಲ ವಾರ ಆ ಪೆಟ್ಟಿಗೆ ನಮ್ಮ ಊರಿನ ಯಾರನ್ನೂ ಬಿಡಲಿಲ್ಲ. ಬಂಟ್ವಾಳಕ್ಕೆ ‘ಬ್ಯಾಂಟಮ್’ ಇರಲಿಯೋ ಎಂದು ಕೇಳಿತು. ಅದು ಒಂದು ಜಾತಿಯ ಗಿಡ್ಡ ಕೋಳಿ. ಪೊಳಲಿಯ ದಾರಿಯಲ್ಲಿ ನಮ್ಮ ಕಾರ್ಖಾನೆ ಇತ್ತು, ಆ ಪೊಳಲಿಯನ್ನು ಹಿಮ ಬೀಳುವ ‘ಪೋಲಾರ್’ ಮಾಡಲಿಕ್ಕೆ ಹೊರಟಿತು. ಅಬೂಬಕರ್ ಎಂಬ ಹೆಸರನ್ನು ಕಡಿದು ಎರಡು ಮಾಡಿ, ಕೊನೆಗೆ ‘ಬೇಕರ್’ ಎಂದು ಇಟ್ಟಿತು. “ಒಳ್ಳೆಯದೇ ಆಯ್ತು, ರಿಟೈರ್ ಆದ ಮೇಲೆ ರೊಟ್ಟಿ ಮಾಡಿ ಮಾರ್ತೇನೆ” ಅಂದರು ಸರ್. ನಾನು ಅವರ ಹೆಸರನ್ನು ಆ ದಿನವೇ ನಿಘಂಟಿಗೆ ಸೇರಿಸಿಬಿಟ್ಟೆ.

ನನ್ನ ದೊಡ್ಡ ಎಡವಟ್ಟು ನಡೆದದ್ದು ಅದೇ ವರ್ಷ. ಗೇರುಬೀಜದ ತಿರುಳಿಗೆ ಇಂಗ್ಲಿಷಿನಲ್ಲಿ ‘ಕರ್ನೆಲ್’ ಅನ್ನುತ್ತಾರೆ. ಸೈನ್ಯದ ದೊಡ್ಡ ಅಧಿಕಾರಿಯಾದ ‘ಕರ್ನಲ್’ಗೂ ಹೆಚ್ಚು ಕಡಿಮೆ ಅದೇ ಉಚ್ಚಾರ, ಅಕ್ಷರ ಮಾತ್ರ ಬೇರೆ. ಒಂದು ಸಂಜೆ ಬೆಳ್ತಂಗಡಿ ಬಸ್ಸು ಬರುವ ಹೊತ್ತು, ನಾನು ಗಡಿಬಿಡಿಯಲ್ಲಿ ತಿರುಳಿನ ಸ್ಪೆಲ್ಲಿಂಗ್ ತಪ್ಪು ಬರೆದೆ. ಪೆಟ್ಟಿಗೆ ತೆರೆಯಿತು. ಪಟ್ಟಿಯಲ್ಲಿ ಯಾವುದೋ ಒಂದರ ಮೇಲೆ ಒತ್ತಿ, ‘ಎಲ್ಲ ಕಡೆ ಬದಲಿಸು’ ಎಂದು ಹೇಳಿ, ಮೇಲ್ ಕಳಿಸಿ ಓಡಿದೆ. ಮಾರನೆಯ ದಿನ ರಾಟರ್‌ಡ್ಯಾಮಿನಿಂದ ವಿಲ್ಲೆಮ್ ಅವರ ಉತ್ತರ: ನೀವು ಪೆಟ್ಟಿಗೆಗಳಲ್ಲಿ ಕಳುಹಿಸುತ್ತಿರುವ ಬಿಳಿ ಬಣ್ಣದ ಕರ್ನಲ್‌ಗಳನ್ನು ಸ್ವೀಕರಿಸಲು ನಮ್ಮಲ್ಲಿ ಬ್ಯಾರಕ್ ಇಲ್ಲ, ಮುರಿದ ಕರ್ನಲ್‌ಗಳನ್ನು ಆಸ್ಪತ್ರೆಗೆ ಸೇರಿಸುವುದು ಒಳ್ಳೆಯದು.

ನಾನು ಅದನ್ನು ಇಬ್ಬರಿಗೂ ತೋರಿಸಿದೆ. ರಫೀಕ್ ಓದಿ ಮುಖ ಕೆಂಪು ಮಾಡಿಕೊಂಡ. ಅಬೂಬಕರ್ ಸರ್ ಕನ್ನಡಕ ತೆಗೆದಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಅಂದರು, “ಹೆಂಡತಿ ಹೋದ ಮೇಲೆ ಈ ಮನುಷ್ಯ ಒಂದು ತಮಾಷೆಯ ಸಾಲು ಬರೆದದ್ದು ಇದೇ ಮೊದಲು. ನಿನ್ನ ತಪ್ಪಿಗೆ ಅಷ್ಟಾದರೂ ಬೆಲೆ ಉಂಟು ಮಾರಾಯ್ತಿ.” ಅದರ ನಂತರ ವಿಲ್ಲೆಮ್ ಮತ್ತು ಸರ್ ನಡುವಿನ ಮೇಲ್‌ಗಳಲ್ಲಿ ವ್ಯಾಪಾರ ಮುಗಿದ ಮೇಲೆ ಎರಡು ಸಾಲು ಬೇರೆ ಮಾತು ಇರುತ್ತಿತ್ತು. ಅಲ್ಲಿಯ ಚಳಿ, ಇಲ್ಲಿಯ ಉಪವಾಸದ ತಿಂಗಳು, ಸೊಂಟನೋವು, ಹೀಗೆ.

ಆ ವರ್ಷಗಳಲ್ಲಿ ಅಬೂಬಕರ್ ಸರ್ ಬರೆದ ಮೇಲ್‌ಗೆ ಆ ಪೆಟ್ಟಿಗೆ ತೆರೆದದ್ದೇ ಇಲ್ಲ. ಹಡಗಿನದೋ ಊರಿನದೋ ಹೆಸರು ಬಂದರೆ ಕೇಳುತ್ತಿತ್ತು, ನಾನು ಬಿಟ್ಟು ಮುಂದೆ ಹೋಗುತ್ತಿದ್ದೆ, ಅಷ್ಟೇ. ನಾನು ಗುಂಡಿ ಒತ್ತುವುದು, ಅದು ಪರೀಕ್ಷೆ ಮುಗಿಯಿತು ಅನ್ನುವುದು. ಅವರ ಮೇಲ್ ಸರದಿ ಬಂದಾಗ ನಾನು ಒಂದು ಕೈಯಲ್ಲಿ ಚಹಾ ಹಿಡಿದುಕೊಳ್ಳುತ್ತಿದ್ದೆ.

ಎರಡು ಸಾವಿರ ಕಳೆದು ಕೆಲವು ವರ್ಷವಾಗಿತ್ತು. ಒಂದು ಮಧ್ಯಾಹ್ನ ಅವರ ಮೇಲ್‌ನಲ್ಲಿ ಪೆಟ್ಟಿಗೆ ತೆರೆಯಿತು. ಗುರುವಾರ ಎಂಬ ಶಬ್ದದಲ್ಲಿ ಎರಡು ಅಕ್ಷರ ಹಿಂದೆಮುಂದೆ. ಬೆರಳು ಜಾರಿರಬೇಕೆಂದು ಸರಿ ಮಾಡಿದೆ. ಮಾರನೆಯ ದಿನ ಎರಡು ಸಲ ತೆರೆಯಿತು. ಕನ್ನಡಕ ಬದಲಿಸುವ ಕಾಲ ಬಂದಿರಬೇಕು ಅಂದುಕೊಂಡೆ. ಆದರೆ ಆ ವಾರ ಬಂದ ತಪ್ಪುಗಳು ಬೆರಳು ಜಾರಿದ ತಪ್ಪುಗಳ ಹಾಗೆ ಇರಲಿಲ್ಲ. ಶಬ್ದದ ತಲೆ ಇರುತ್ತಿತ್ತು, ಬಾಲ ಇಲ್ಲ. ಬಾಲ ಇದ್ದರೆ ಬೇರೆಯದರ ಬಾಲ. ಒಂದು ಮೇಲ್‌ನಲ್ಲಿ ಬಿಲ್ಲು ಎಂದು ಬರೆಯಬೇಕಾದಲ್ಲಿ ‘ಆ ಕಾಗದ’ ಎಂದು ಬರೆದಿದ್ದರು. ಅದಕ್ಕೆ ಪೆಟ್ಟಿಗೆ ಏನೂ ಹೇಳಲಿಲ್ಲ, ನಾನು ಓದುವಾಗ ಸಿಕ್ಕಿತು. ಅಬೂಬಕರ್ ಸರ್ ಬಿಲ್ಲಿಗೆ ಆ ಕಾಗದ ಅನ್ನುವವರಲ್ಲ.

ಆಮೇಲೆ ಒಂದು ದಿನ ಮೇಲ್ ಪೂರ್ತಿ ಪರೀಕ್ಷೆಯಾಗಿ, ಕೊನೆಯ ಸಾಲಿಗೆ ಬಂದು ಪೆಟ್ಟಿಗೆ ತೆರೆದು ನಿಂತಿತು. ಕೊನೆಯ ಸಾಲಿನಲ್ಲಿ ಇದ್ದದ್ದು ಅವರ ಹೆಸರು. ನಾನೇ ನಿಘಂಟಿಗೆ ಸೇರಿಸಿದ್ದ ಹೆಸರು, ಅದು ಕೇಳಲೇಬಾರದು. ಮುಂದೆ ಬಾಗಿ ನೋಡಿದೆ. ನಡುವಿನ ಒಂದು ತುಂಡು ಇರಲಿಲ್ಲ. ಅವರು ತಮ್ಮ ಹೆಸರನ್ನೇ ತಪ್ಪು ಬರೆದಿದ್ದರು.

ನಾನು ಆ ಮೇಲ್ ಕಳಿಸಲಿಲ್ಲ. ಸರ್ ಕಿಟಕಿಯ ಹತ್ತಿರದ ತಮ್ಮ ಮೇಜಿನಲ್ಲಿ ಏನೋ ಓದುತ್ತಿದ್ದರು. ಹೇಗೆ ಹೇಳುವುದು ಎಂದು ಎಷ್ಟು ಯೋಚಿಸಿದರೂ ಮಾತು ಸಿಗಲಿಲ್ಲ. ಕೊನೆಗೆ, “ಸರ್, ಸ್ವಲ್ಪ ಇಲ್ಲಿ ಬರ್ತೀರಾ?” ಎಂದು ಕರೆದು, ನನ್ನ ಕುರ್ಚಿಯಲ್ಲಿ ಅವರನ್ನು ಕೂರಿಸಿ, ಹೆಸರಿನ ಕೆಳಗೆ ಬೆರಳಿಟ್ಟೆ. ಕಾದೆ.

ಅವರು ಬಹಳ ಹೊತ್ತು ನೋಡಿದರು. “ಏನು?” ಅಂದರು.

“ಹೆಸರು ಸರ್.”

“ಹೆಸರಿಗೆ ಏನಾಗಿದೆ?”

“ನೀವೇ ಒಮ್ಮೆ ಓದಿ.”

ಅವರು ಇನ್ನಷ್ಟು ಮುಂದೆ ಬಾಗಿದರು. ಆಮೇಲೆ ನನ್ನ ಕಡೆ ತಿರುಗಿದಾಗ ಅವರ ಮುಖದಲ್ಲಿ ಇದ್ದದ್ದು ಹೆದರಿಕೆ. ಅಷ್ಟು ವರ್ಷಗಳಲ್ಲಿ ನಾನು ಅದನ್ನು ಅಲ್ಲಿ ಕಂಡಿರಲಿಲ್ಲ. “ನನಗೆ ಅದು ಸರಿಯಾಗಿಯೇ ಕಾಣ್ತದೆ ವಾರಿಜಾ” ಅಂದರು.

ಅವರಿಗೆ ಇತ್ತೀಚೆಗೆ ತಲೆನೋವು ಇತ್ತು, ಬೆಳಿಗ್ಗೆ ಹೆಚ್ಚು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಆ ದಿನ ನನಗೆ ಹೇಳಿದರು. ನಾನು ಬಸ್ಸು ಬಿಟ್ಟು ಅವರೊಟ್ಟಿಗೆ ಪಾಣೆಮಂಗಳೂರಿಗೆ ಹೋದೆ. ಅವರ ಹೆಂಡತಿ ಝುಲೈಖಾ ಬಾಗಿಲಲ್ಲಿ ನನ್ನನ್ನು ಕಂಡದ್ದೇ, ಏನೋ ಆಗಿದೆ ಎಂದು ತಿಳಿದುಕೊಂಡರು. ಒಳಗೆ ಕರೆದು, ಮೆಲ್ಲಗೆ ಹೇಳಿದರು, “ಮೊನ್ನೆ ಊಟಕ್ಕೆ ಕೂತವರು ನೀರು ಕೇಳ್ಲಿಕ್ಕೆ ಹೋಗಿ ಸುಮ್ಮನೆ ಕೈ ತೋರಿಸಿದ್ರು. ಸಿಟ್ಟಾಗಿದೆ ಅಂತ ಗ್ರಹಿಸಿದೆ ನಾನು.”

ಮಂಗಳೂರಿನಲ್ಲಿ ಸ್ಕ್ಯಾನ್ ಮಾಡಿದರು. ತಲೆಯ ಎಡಬದಿಯಲ್ಲಿ, ಮಿದುಳಿನ ಹೊರಪದರಕ್ಕೆ ಅಂಟಿಕೊಂಡು ಒಂದು ಗಡ್ಡೆ ಬೆಳೆದಿತ್ತು. ಮಾತು, ಬರವಣಿಗೆ ಇರುವ ಜಾಗವನ್ನು ಅದು ಒತ್ತುತ್ತಿತ್ತು. ಕೆಟ್ಟ ಜಾತಿಯ ಗಡ್ಡೆ ಅಲ್ಲದಿರಬಹುದು, ತೆಗೆಯಬಹುದು, ಆದರೆ ತೆಗೆದ ಮೇಲೆ ಎಷ್ಟು ಮಾತು ಉಳಿಯುತ್ತದೆ ಎಂದು ಈಗ ಹೇಳಲಿಕ್ಕಾಗುವುದಿಲ್ಲ ಎಂದರು ಡಾಕ್ಟರು. ಝುಲೈಖಾ ನನ್ನ ಕೈ ಹಿಡಿದುಕೊಂಡಿದ್ದರು. ಹೊರಗೆ ಬಂದ ಮೇಲೆ ಸರ್ ಅಂದರು, “ಮಾತು ಸ್ವಲ್ಪ ಕಡಿಮೆಯಾದರೆ ಇವಳಿಗೆ ಒಳ್ಳೆಯದೇ.” ಅವರ ಹೆಂಡತಿ ನಗಲಿಲ್ಲ.

ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಗಡ್ಡೆ ಕೆಟ್ಟದ್ದಾಗಿರಲಿಲ್ಲ. ಆದರೆ ಮೊದಲ ವಾರಗಳಲ್ಲಿ ಅವರು ಕಣ್ಣಲ್ಲಿ ಮಾತ್ರ ಮಾತಾಡುತ್ತಿದ್ದರು. ಮೊದಲು ಬಂದದ್ದು ಬ್ಯಾರಿ ಭಾಷೆ, ನಮ್ಮ ಕರಾವಳಿಯ ಮುಸ್ಲಿಮರ ಮನೆಯ ಮಾತು. ನಾನು ಮನೆಗೆ ನೋಡಲಿಕ್ಕೆ ಹೋಗಿದ್ದಾಗ ಚಾವಡಿಯಲ್ಲಿ ಕೂತಿದ್ದವರು ನನ್ನನ್ನು ಕಂಡು, ತುಟಿ ಕಟ್ಟಿ, ಬಿಡಿಸಿ, “ಬಲೆ... ಕುಳ್ಳುಲೆ” ಅಂದರು. ಬನ್ನಿ ಕುಳಿತುಕೊಳ್ಳಿ ಎಂಬ ಅಷ್ಟೇ ತುಳು. ಅದನ್ನು ಕೇಳಿ ಝುಲೈಖಾ ಒಳಗಿನಿಂದ ಓಡಿ ಬಂದರು, ಯಾಕೆಂದರೆ ತುಳು ಬಂದದ್ದು ಆ ದಿನವೇ ಮೊದಲು. ಕನ್ನಡ ನಿಧಾನವಾಗಿ ಬಂತು. ಇಂಗ್ಲಿಷ್ ಹತ್ತಿರ ಬರಲೇ ಇಲ್ಲ. ಮಾತು ಕಲಿಸುವ ಒಬ್ಬ ಟೀಚರಮ್ಮ ಮಂಗಳೂರಿನಲ್ಲಿದ್ದರು, ಸರ್ ವಾರಕ್ಕೊಮ್ಮೆ ಅವರಲ್ಲಿಗೆ ಹೋಗಿ ಬರುತ್ತಿದ್ದರು.

ಅಷ್ಟು ಕಾಲ ಮೇಲ್ ಎಲ್ಲ ನಾನೇ ಬರೆಯುತ್ತಿದ್ದೆ. ವಿಲ್ಲೆಮ್ ಪ್ರತಿ ಮೇಲ್‌ನ ಕೊನೆಗೆ ಸರ್ ಹೇಗಿದ್ದಾರೆಂದು ಕೇಳುತ್ತಿದ್ದರು. ರಫೀಕ್ ತಂದೆಯೊಡನೆ ಹೊಸಬರನ್ನು ತೆಗೆದುಕೊಳ್ಳುವ ಮಾತು ಎತ್ತಿದ. ಅವನು ಕೆಟ್ಟವನಲ್ಲ, ಕೆಲಸ ನಿಲ್ಲಬಾರದು ಎಂಬ ಚಿಂತೆ ಅವನಿಗೆ. ಹಾಜಿಯವರು ಅಂದರು, “ಅವನ ಕುರ್ಚಿ ಅಲ್ಲಿಯೇ ಇರಲಿ. ಬರುವಾಗ ಬರಲಿ.”

ಬಂದರು. ತಲೆಯಲ್ಲಿ ಕೂದಲು ಇನ್ನೂ ಸಣ್ಣದಿತ್ತು, ಟೊಪ್ಪಿ ಹಾಕಿಕೊಂಡಿದ್ದರು. ಎಲ್ಲರಿಗೂ ಸಲಾಂ ಹೇಳಿ, ನೇರ ಕಂಪ್ಯೂಟರಿನ ಎದುರು ಕುಳಿತು, ಬೆರಳುಗಳನ್ನು ಕೀಲಿಗಳ ಮೇಲಿಟ್ಟರು. ವಿಲ್ಲೆಮ್ ಅವರಿಗೆ ಬರೆಯಬೇಕು ಎಂದರು. ನಾನು ಪಕ್ಕದಲ್ಲಿ ನಿಂತೆ. ಒಂದು ಸಾಲು ಬರೆಯಲಿಕ್ಕೆ ಬಹಳ ಹೊತ್ತು ಬೇಕಾಯಿತು. ಬರೆದದ್ದರಲ್ಲಿ ಅರ್ಧ ಶಬ್ದಗಳು ಯಾವ ಭಾಷೆಯದ್ದೆಂದೂ ಗೊತ್ತಾಗುವ ಹಾಗಿರಲಿಲ್ಲ.

“ಒತ್ತು” ಅಂದರು.

ಗುಂಡಿ ಒತ್ತಿದೆ. ಪೆಟ್ಟಿಗೆ ತೆರೆಯಿತು. ನಾಲ್ಕೈದು ಶಬ್ದಗಳ ಪಟ್ಟಿ. ನಾನು ಸರಿಯಾದ್ದನ್ನು ಆರಿಸಲಿಕ್ಕೆ ಹೊರಟಾಗ ಅವರು ಕೈ ಅಡ್ಡ ಮಾಡಿದರು. ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿದರು. ಮೂರನೆಯದರ ಮೇಲೆ ಬೆರಳಿಟ್ಟರು. ಸರಿಯಾದ್ದೇ. ಮುಂದಿನ ಪೆಟ್ಟಿಗೆ. ಮೊದಲನೆಯದು. ಅದೂ ಸರಿ. ಅವರಿಗೆ ಶಬ್ದವನ್ನು ಕರೆದು ತರಲಿಕ್ಕೆ ಆಗುತ್ತಿರಲಿಲ್ಲ, ಎದುರು ಬಂದು ನಿಂತರೆ ಗುರುತು ಸಿಗುತ್ತಿತ್ತು.

“ಮದುವೆ ಮನೆಯಲ್ಲಿ...” ಎಂದು ಶುರು ಮಾಡಿ, ತಡೆದು, ಮತ್ತೆ ಕನ್ನಡದಲ್ಲಿ ಒಂದೊಂದೇ ಶಬ್ದ ಹುಡುಕಿ ಹೇಳಿದರು, “ಮದುವೆ ಮನೆಯಲ್ಲಿ ಹೆಸರು... ನೆನಪಾಗುವುದಿಲ್ಲ ಅಲ್ವಾ. ಮುಖ ಕಂಡರೆ ಗೊತ್ತಾಗ್ತದೆ. ಹಾಗೆ.”

ಪಟ್ಟಿಯಲ್ಲಿ ಅವರ ಶಬ್ದ ಇಲ್ಲದಿದ್ದರೆ ತಲೆ ಅಲ್ಲಾಡಿಸುತ್ತಿದ್ದರು. ಆಗ ಶಬ್ದವನ್ನು ಸ್ವಲ್ಪ ಬದಲಿಸಿ ಬರೆದು, ಪುನಃ ಒತ್ತಿ, ಬೇರೆ ಪಟ್ಟಿ ತರಿಸುತ್ತಿದ್ದರು. ಆ ಮೇಲ್ ಮುಗಿಯುವಾಗ ಊಟದ ಹೊತ್ತು ದಾಟಿತ್ತು. ಅದರಲ್ಲಿ ಇದ್ದದ್ದು ಇಷ್ಟೇ: ನಾನು ಮತ್ತೆ ಬಂದಿದ್ದೇನೆ. ನಾನು ನಿಧಾನ. ಮಾಲು ನಿಧಾನವಾಗುವುದಿಲ್ಲ.

ರಫೀಕ್ ಇದನ್ನು ಒಂದು ವಾರ ನೋಡಿದ. ಆಮೇಲೆ ನನ್ನನ್ನು ಆಚೆ ಕರೆದು, “ವಾರಿಜಕ್ಕ, ನೀವೇ ಬರೆದು ಅವರ ಹೆಸರು ಹಾಕಿ ಕಳಿಸಿದರೆ ಆಗುವುದಿಲ್ವಾ? ಅವರಿಗೂ ಕಷ್ಟ ಯಾಕೆ” ಎಂದು ಕೇಳಿದ.

“ಆಗ್ತದೆ. ಆದರೆ ಅವರು ಬಂದದ್ದು ಅದಕ್ಕಲ್ಲ” ಅಂದೆ.

“ಮತ್ತೆ ಎಂತಕ್ಕೆ?”

“ನೀನೇ ಒಂದು ಸಲ ಹತ್ತಿರ ಕೂತು ನೋಡು.”

ಅವನು ಮಾರನೆಯ ದಿನ ಕುರ್ಚಿ ಎಳೆದುಕೊಂಡು ಸರ್ ಪಕ್ಕದಲ್ಲಿ ಕೂತ. ಸರ್ ಪೊಳಲಿ ಕಾರ್ಖಾನೆಯ ವಿಷಯ ಬರೆಯುತ್ತಿದ್ದರು. ಪೊಳಲಿಯಲ್ಲಿ ಅಕ್ಷರ ತಪ್ಪಿತು. ಪೆಟ್ಟಿಗೆ ಕೊಟ್ಟ ಪಟ್ಟಿಯಲ್ಲಿ ಪೊಳಲಿ ಇರಲಿಲ್ಲ. ಎಷ್ಟು ಸಲ ಬದಲಿಸಿ ಬರೆದರೂ ಬರಲಿಲ್ಲ. ಸರ್ ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು. ರಫೀಕ್ ಎದ್ದು ಹೋದ.

ಆ ಶುಕ್ರವಾರ ನಮಾಜು ಮುಗಿಸಿ ಬಂದವನು ನನ್ನ ಮೇಜಿನಲ್ಲಿ ಕೂತು, ಸಂಜೆಯವರೆಗೆ ಆ ನಿಘಂಟಿಗೆ ಶಬ್ದಗಳನ್ನು ಸೇರಿಸಿದ. ಪೊಳಲಿ, ನಾರಾವಿ, ಮಡಂತ್ಯಾರು, ನಮಗೆ ಬೀಜ ಬರುವ ಊರುಗಳು, ಹಡಗುಗಳು, ಬಂದರುಗಳು, ಗ್ರಾಹಕರ ಹೆಸರುಗಳು, ತಿರುಳಿನ ಜಾತಿಗಳು. ನಿಘಂಟಿನಲ್ಲಿ ಇದ್ದರೆ, ತಪ್ಪು ಬರೆದಾಗ ಪಟ್ಟಿಯಲ್ಲಿ ಬರುತ್ತದೆ ಎಂದು ಅವನು ಕಂಡುಕೊಂಡಿದ್ದ. ಕೊನೆಗೆ ನನ್ನನ್ನು ಕೇಳಿದ, “ಅವರ ಮನೆಯವರ ಹೆಸರೆಲ್ಲ ಹೇಳಿ ಅಕ್ಕ. ಅದೂ ಇರಲಿ.” ಝುಲೈಖಾ, ಇಬ್ಬರು ಹೆಣ್ಣುಮಕ್ಕಳು, ಮೊಮ್ಮಕ್ಕಳು, ಎಲ್ಲರನ್ನೂ ಸೇರಿಸಿದ. ಸೋಮವಾರ ಸರ್ ಬರೆಯುವಾಗ ಪಟ್ಟಿಯಲ್ಲಿ ಪೊಳಲಿ ಬಂತು. ಸರ್ ಅದನ್ನು ಆರಿಸಿ, ರಫೀಕನ ಕಡೆ ನೋಡಿದರು. ರಫೀಕ್ ಫೋನ್ ಎತ್ತಿಕೊಂಡು ಯಾರೊಡನೆಯೋ ಮಾತಾಡತೊಡಗಿದ. ಆ ಕಡೆ ಯಾರೂ ಇರಲಿಲ್ಲ ಎಂದು ನನಗೆ ಗೊತ್ತಿತ್ತು.

ಆದರೂ ಆ ಪೆಟ್ಟಿಗೆಗೆ ಎಲ್ಲವೂ ಸಿಗುವುದಿಲ್ಲ, ಇದನ್ನು ಹೊಸಬರು ನೆನಪಿಡಬೇಕು. ತೂಕ ಎಂದು ಬರೆಯಬೇಕಾದಲ್ಲಿ ಸರ್ ಕಾಯುವುದು ಎಂದು ಬರೆದರೆ ಅದು ಸುಮ್ಮನಿರುತ್ತಿತ್ತು, ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಸದ್ದು, ಎರಡೂ ಸರಿಯಾದ ಶಬ್ದಗಳೇ. ಆದ್ದರಿಂದ ನಾವು ಹೊಸ ಕ್ರಮ ಮಾಡಿದೆವು. ಪೆಟ್ಟಿಗೆಯ ಕೆಲಸ ಮುಗಿದ ಮೇಲೆ ನಾನು ಮೇಲ್ ಅನ್ನು ಗಟ್ಟಿಯಾಗಿ ಓದುವುದು, ಅವರು ಕಣ್ಣು ಮುಚ್ಚಿ ಕೇಳುವುದು. ಅರ್ಥ ಕೆಟ್ಟ ಕಡೆ ಕೈ ಎತ್ತುತ್ತಿದ್ದರು. ಕೆಲವು ತಿಂಗಳ ಮೇಲೆ ಓದುವುದು ಅವರು, ಕೇಳುವುದು ನಾನು. ಅವರ ಇಂಗ್ಲಿಷ್ ಹಾಗೆ ಮರಳಿ ಬಂತು. ಮೊದಲಿನಷ್ಟು ಅಲ್ಲ. ವಾಕ್ಯಗಳು ಗಿಡ್ಡವಾದವು. ಅವು ಇನ್ನೂ ಒಳ್ಳೆಯವು ಎಂದು ನನಗೆ ಅನಿಸುತ್ತಿತ್ತು, ಅವರಿಗೆ ಹಾಗೆ ಹೇಳಿದರೆ ಒಪ್ಪುತ್ತಿರಲಿಲ್ಲ.

ಬರೆಯುವುದು ಹೀಗೆ ಸುಧಾರಿಸಿತು, ಮಾತಾಡುವುದು ಅಷ್ಟು ಸುಧಾರಿಸಲಿಲ್ಲ. ಪರಿಚಯ ಇಲ್ಲದವರ ಎದುರು ಶಬ್ದಗಳು ಅಡಗಿಬಿಡುತ್ತಿದ್ದವು. ಬಸ್ಸಿನಲ್ಲಿ ಕಂಡಕ್ಟರ್ ಊರು ಕೇಳಿದರೆ ತಡವರಿಸುತ್ತಿದ್ದರು. ಒಮ್ಮೆ ಒಬ್ಬ ಕಂಡಕ್ಟರ್, “ಬೇಗ ಹೇಳಿ ಬ್ಯಾರಿಗಳೇ” ಅಂದನಂತೆ. ಅಂದಿನಿಂದ ಅವರು ಚಿಲ್ಲರೆಯ ಜೊತೆ ಊರಿನ ಹೆಸರು ಬರೆದ ಚೀಟಿ ಇಟ್ಟುಕೊಳ್ಳುತ್ತಿದ್ದರು. ಆಫೀಸಿಗೆ ಹೊರಗಿನವರು ಬಂದರೆ ಎದ್ದು ಉಗ್ರಾಣಕ್ಕೆ ಹೋಗಿಬಿಡುತ್ತಿದ್ದರು.

ಅಂಥ ಹೊತ್ತಿನಲ್ಲಿ ವಿಲ್ಲೆಮ್ ಬರುತ್ತೇನೆ ಎಂದು ಬರೆದರು. ಕೇರಳಕ್ಕೆ ಬರುವುದುಂಟು, ಅಲ್ಲಿಂದ ಮಂಗಳೂರಿಗೆ ಬಂದು ಕಾರ್ಖಾನೆ ನೋಡಿ, ಅಬೂಬಕರ್ ಅವರನ್ನು ಕಂಡು ಹೋಗುತ್ತೇನೆ ಎಂದು. ಅಷ್ಟು ವರ್ಷದ ವ್ಯವಹಾರದಲ್ಲಿ ನಾವು ಯಾರೂ ಅವರ ಮುಖ ಕಂಡಿರಲಿಲ್ಲ, ಧ್ವನಿ ಕೇಳಿರಲಿಲ್ಲ.

ಸರ್ ಆ ಮೇಲ್ ಓದಿ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಆಮೇಲೆ, “ಆ ದಿನ ನಾನು ರಜೆ” ಅಂದರು.

“ಅವರು ಬರುವುದೇ ನಿಮ್ಮನ್ನು ನೋಡ್ಲಿಕ್ಕೆ ಸರ್.”

“ಅವರಿಗೆ ಗೊತ್ತಿರುವುದು... ಬರೆಯುವ ಅಬೂಬಕರ್” ಅಂದರು. “ಮಾತಾಡುವಾಗ ಪೆಟ್ಟಿಗೆ ತೆರೆಯುವುದಿಲ್ಲವಲ್ಲ ವಾರಿಜಾ. ಶಬ್ದ ಯಾರು ಕೊಡ್ತಾರೆ?”

“ನಾನು ಪಕ್ಕದಲ್ಲಿ ಇರ್ತೇನೆ.”

ತಲೆ ಅಲ್ಲಾಡಿಸಿದರು. ಎರಡು ದಿನ ಆ ವಿಷಯ ಎತ್ತಿದರೆ ಎದ್ದು ಹೋಗುತ್ತಿದ್ದರು. ನಾನು ಝುಲೈಖಾ ಅವರಿಗೆ ಫೋನ್ ಮಾಡಿದೆ. ಅವರು ಹೇಳಿದ್ದು ಇಷ್ಟೇ, “ಅಂಗಿಗೆ ಇಸ್ತ್ರಿ ಹಾಕಿಡ್ತೇನೆ. ನೀನು ಹೆದರಬೇಡ.” ಅವರು ಮನೆಯಲ್ಲಿ ಏನು ಹೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಬೆಳಿಗ್ಗೆ ಸರ್ ಬಂದರು. ಅಂಗಿ ಇಸ್ತ್ರಿಯಾಗಿತ್ತು, ಮುಖ ಮಾತ್ರ ಮುದುಡಿತ್ತು. ಕುರ್ಚಿಯಲ್ಲಿ ಕೂತು ತುಟಿಯೊಳಗೆ ಏನೋ ಹೇಳಿಕೊಳ್ಳುತ್ತಿದ್ದರು. ಹತ್ತಿರ ಹೋದಾಗ ಕೇಳಿಸಿತು, ‘ಸ್ವಾಗತ’ ಎಂಬ ಅರ್ಥದ ಇಂಗ್ಲಿಷ್ ಶಬ್ದವನ್ನು ಅಭ್ಯಾಸ ಮಾಡುತ್ತಿದ್ದರು.

ರಫೀಕ್ ಕಾರ್ಖಾನೆ ತೋರಿಸಿ ವಿಲ್ಲೆಮ್ ಅವರನ್ನು ಕಾರಿನಲ್ಲಿ ಕರೆದುಕೊಂಡು ಬಂದ. ಭಾರೀ ಗಾತ್ರದ ಮನುಷ್ಯ, ಸೆಕೆಗೆ ಕೆಂಪಾದ ಮುಖ, ಕೈಯಲ್ಲಿ ಒದ್ದೆ ಕರವಸ್ತ್ರ. ಬಾಗಿಲಲ್ಲಿ ನಿಂತು ಸುತ್ತ ನೋಡಿ, ಯಾರೂ ಹೇಳದೆಯೇ ಸರ್ ಅವರ ಎದುರು ಬಂದು ಕೈ ಚಾಚಿದರು. ಸರ್ ಎದ್ದು ನಿಂತರು. ಬೆಳಿಗ್ಗೆಯಿಂದ ಅಭ್ಯಾಸ ಮಾಡಿದ ಶಬ್ದದ ಮೊದಲ ಅಕ್ಷರ ಮಾತ್ರ ಬಂತು. ಅಲ್ಲಿಯೇ ನಿಂತಿತು. ಅವರ ಕಿವಿ ಕೆಂಪಾಯಿತು. ನಾನು ಮುಂದಿನದನ್ನು ಹೇಳಿಕೊಡಲಿಕ್ಕೆ ಬಾಯಿ ತೆರೆದೆ.

ಅಷ್ಟರಲ್ಲಿ ವಿಲ್ಲೆಮ್ ಮಾತಾಡಲಿಕ್ಕೆ ಶುರು ಮಾಡಿದರು. ಅವರ ಗದ್ದ ನಡುಗಿತು. ಒಂದು ಅಕ್ಷರ ಬಂತು, ಅದೇ ಅಕ್ಷರ ಮತ್ತೆ ಬಂತು, ಮತ್ತೆ ಮತ್ತೆ ಬಂತು. ಕಣ್ಣು ಬಿಗಿಯಾಗಿ ಮುಚ್ಚಿ, ತಲೆ ಹಿಂದಕ್ಕೆ ಎಳೆದು, ಕೊನೆಗೆ ಒಂದು ದೊಡ್ಡ ಉಸಿರಿನೊಡನೆ ಸರ್ ಅವರ ಹೆಸರು ಹೊರಗೆ ಬಂತು. ಚಿಕ್ಕಂದಿನಿಂದಲೇ ತೊದಲು ಇದ್ದ ಮನುಷ್ಯ ಅವರು. ನಮಗೆ ಅವರು ಒಮ್ಮೆಯೂ ಫೋನ್ ಮಾಡದೆ ಇದ್ದದ್ದು ಅದಕ್ಕೇ.

ಕಾರಿನಲ್ಲಿ ಬರುವಾಗಲೇ ಇದನ್ನು ಕಂಡಿದ್ದ ರಫೀಕ್ ನನ್ನನ್ನು ನೋಡಿದ. ನಾನು ಸರ್ ಅವರನ್ನು ನೋಡಿದೆ. ಅವರ ಭುಜ ನಿಧಾನವಾಗಿ ಇಳಿಯುತ್ತಿತ್ತು, ತಲೆಯ ಮೇಲಿನ ಹೊರೆಯನ್ನು ಯಾರೋ ಕೈ ಕೊಟ್ಟು ಇಳಿಸಿದ ಹಾಗೆ. ಅವರು ಕುರ್ಚಿ ತೋರಿಸಿದರು. ಇಬ್ಬರೂ ಎದುರುಬದುರು ಕೂತರು. ಸರ್ ಮತ್ತೆ ಮೊದಲಿನಿಂದ ಶುರು ಮಾಡಿದರು, ಈ ಸಲ ಗಡಿಬಿಡಿ ಇಲ್ಲದೆ. ವಿಲ್ಲೆಮ್ ಕರವಸ್ತ್ರವನ್ನು ಮಡಿಲಲ್ಲಿಟ್ಟುಕೊಂಡು ಕಾದರು. ಶಬ್ದ ಪೂರ್ತಿಯಾಗಿ ಬಂದಾಗ ತಲೆಯಾಡಿಸಿದರು. ಆಮೇಲೆ ಅವರ ಸರದಿ, ಸರ್ ಕಾದರು. ಒಂದು ವಾಕ್ಯಕ್ಕೂ ಇನ್ನೊಂದು ವಾಕ್ಯಕ್ಕೂ ನಡುವೆ ರಸ್ತೆಯಲ್ಲಿ ಬಸ್ಸುಗಳು ಬಂದು ಹೋಗುತ್ತಿದ್ದವು. ಹೆಂಡತಿಯ ಫೋಟೋ ತೆಗೆದು ತೋರಿಸಿದರು ವಿಲ್ಲೆಮ್. ಸರ್ ಟೊಪ್ಪಿ ತೆಗೆದು ತಲೆಯ ಗಾಯದ ಗುರುತು ತೋರಿಸಿದರು.

ಒಂದು ಕಡೆ ಸರ್ ಅವರಿಗೆ ಒಂದು ಶಬ್ದ ಬರಲಿಲ್ಲ. ನನಗೆ ಆ ಶಬ್ದ ಗೊತ್ತಿತ್ತು, ನಾಲಿಗೆಯ ತುದಿಯಲ್ಲಿತ್ತು. ಹೇಳಲಿಕ್ಕೆ ಹೊರಟೆ. ವಿಲ್ಲೆಮ್ ನನ್ನ ಕಡೆ ತಿರುಗದೆಯೇ ಒಂದು ಕೈಯನ್ನು ಸ್ವಲ್ಪ ಎತ್ತಿದರು, ಬೇಡ ಎಂಬಂತೆ. ಸರ್ ಹುಡುಕುತ್ತಲೇ ಇದ್ದರು, ಮುಖದಲ್ಲಿ ನಾಚಿಕೆ ಇರಲಿಲ್ಲ.

ನನಗೆ ಅಲ್ಲಿ ಕೆಲಸ ಇಲ್ಲ ಎಂದು ಗೊತ್ತಾಯಿತು. ಮೆಲ್ಲಗೆ ಎದ್ದು, ಬಾಗಿಲು ಅರ್ಧ ಎಳೆದುಕೊಂಡು, ಇನ್ನೊಂದು ಸಲ ಚಹಾ ಹೇಳಲಿಕ್ಕೆ ಹೊರಗೆ ಹೋದೆ.